ಕಡಲನೊರೆಯಲ್ಲಿ ಎರಕ ಹೊಯ್ದ ಲಾಯಲ್ಟಿ ಹಡಗು

"ಕಡಲನೊರೆಯಲ್ಲಿ ಉಂಗುರ ಹೊಯ್ಯಬಹುದು, ಪದಕ ಹೊಯ್ಯಲಿಕ್ಕೆ ಆಗುವುದಿಲ್ಲ." ಏಳು ವರ್ಷದಲ್ಲಿ ಹತ್ತು ಜನರಾದರೂ ನನಗೆ ಈ ಮಾತು ಹೇಳಿದ್ದಾರೆ. ಕಡಲನೊರೆ ಅಂದರೆ ಕಟ್ಲ್‌ಫಿಶ್ ಎಂಬ ಕಡಲಜೀವಿಯ ಮೈಯೊಳಗಿನ ಬಿಳಿ, ಮೆತ್ತನೆಯ ಎಲುಬು; ಅದಕ್ಕೆ ಮಾದರಿ ಒತ್ತಿ ಅಚ್ಚು ಮಾಡಿ, ಕಾದ ಲೋಹ ಸುರಿಯುವುದು. ಬೊಂಬಾಯಿಯ ಝವೇರಿ ಬಜಾರಿನ ಎರಕದವರು ಹೇಳಿದರು. ಅಚ್ಚು ಕೊರೆಯುವವರು ಹೇಳಿದರು. ನನ್ನ ಸ್ವಂತ ತಮ್ಮನೇ ಹೇಳಿದ. ಈಗ ನನ್ನ ಮೇಜಿನ ಮೇಲೆ ಲಾಯಲ್ಟಿ ಹಡಗಿನ 42ನೇ ಪದಕ ಇದೆ. ಮೂರು ಕಂಬ, ಎರಡು ಹೊಗೆಕೊಳವೆ, ಕೆಳಗೆ ಕಡಲು. ಆ ಕಡಲಿನ ಒಂದು ಗೆರೆಯನ್ನೂ ನಾನು ಕೆತ್ತಿಲ್ಲ. ಅದು ಹೇಗಾಯಿತು ಎಂದು ಹೇಳಲಿಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಮ್ಮದು ಕುಂದಾಪುರ ಕಡೆಯ ಅಕ್ಕಸಾಲಿ ಮನೆ. ಅಪ್ಪಯ್ಯ ಉಂಗುರ, ತಾಳಿ, ದೇವರ ಕಣ್ಣು ಎಲ್ಲವನ್ನೂ ಕಡಲನೊರೆಯಲ್ಲೇ ಹೊಯ್ಯುತ್ತಿದ್ದರು. ನಾನು ಡೊಂಬಿವಲಿಗೆ ಬಂದು ಮೂವತ್ತು ವರ್ಷ ಮೇಲಾಯಿತು. ಇಲ್ಲಿ ಎಲ್ಲರೂ ಮೇಣದ ಎರಕಕ್ಕೆ ಹೋದರು, ನಾನೂ ಹೋದೆ. ಕಡಲನೊರೆ ಕಪಾಟಿನ ಮೇಲೆ ಧೂಳು ತಿನ್ನುತ್ತಾ ಕೂತಿತ್ತು.

2018ರ ದೀಪಾವಳಿ ಹೊತ್ತಿಗೆ ಒಬ್ಬರು ಅಂಗಡಿಗೆ ಬಂದರು. ಕಾರವಾರ ಕಡೆಯವರು, ಹಡಗಿನಲ್ಲಿ ಚೀಫ್ ಎಂಜಿನಿಯರ್ ಆಗಿ ನಿವೃತ್ತರಾದವರು. ನಾನು ಅವರನ್ನು ಚೀಫ್ ಸಾಹೇಬರು ಅಂತಲೇ ಕರೆಯುವುದು. "ಆಚಾರ್ರೇ, ಬರುವ ಏಪ್ರಿಲ್ 5ಕ್ಕೆ ಲಾಯಲ್ಟಿ ಬೊಂಬಾಯಿಂದ ಲಂಡನ್ನಿಗೆ ಹೊರಟು ನೂರು ವರ್ಷ. ನಾವು ಹಳೇ ಹಡಗಿನವರು ಮೂವತ್ತು ಜನ ಇದ್ದೇವೆ. ಒಂದೊಂದು ಪದಕ ಮಾಡಿಕೊಡ್ತೀರಾ?" ಅಂದರು. ತಲೆಗೆ 900 ರೂಪಾಯಿ ಮಾತಾಯಿತು. ಹತ್ತು ಸಾವಿರ ಮುಂಗಡ ಕೊಟ್ಟು ಹೋದರು.

ಏಪ್ರಿಲ್ 5 ರಾಷ್ಟ್ರೀಯ ಕಡಲಯಾನ ದಿನ. 1964ರಿಂದ ಆಚರಿಸುತ್ತಾರೆ. 1919ರ ಆ ದಿನ ಸಿಂಧಿಯಾ ಸ್ಟೀಮ್ ನ್ಯಾವಿಗೇಶನ್ ಕಂಪನಿಯ ಲಾಯಲ್ಟಿ ಬೊಂಬಾಯಿ ಬಿಟ್ಟು ಹೊರಟಿತು. ವಾಲ್‌ಚಂದ್ ಹೀರಾಚಂದ್, ನರೋತ್ತಮ್ ಮೊರಾರ್ಜಿ ಇವರೆಲ್ಲ ಸೇರಿ ಕಟ್ಟಿದ ಕಂಪನಿ ಅದು. ಬ್ರಿಟಿಷ್ ಹಡಗು ಕಂಪನಿಗಳ ಎದುರು ಭಾರತೀಯರ ಸ್ವಂತ ಹಡಗು. ಭಾಷಣಗಳಲ್ಲಿ ಬರುವುದು ಇಷ್ಟೇ. ಆದರೆ ಮಾದರಿ ಮಾಡಬೇಕಲ್ಲ ಅಂತ ಹಡಗಿನ ಚಿತ್ರ ಹುಡುಕುತ್ತಾ ಹೋದಾಗ ಅದರ ಹಿಂದಿನ ಕಥೆ ಕೈಗೆ ಸಿಕ್ಕಿತು.

ಹಡಗಿನ ಮೊದಲ ಹೆಸರು ಎಂಪ್ರೆಸ್ ಆಫ್ ಇಂಡಿಯಾ. ಇಂಗ್ಲೆಂಡಿನ ಬ್ಯಾರೋದಲ್ಲಿ ಕಟ್ಟಿ 1890ರಲ್ಲಿ ನೀರಿಗಿಳಿಸಿದ್ದು. ಕೆನಡಿಯನ್ ಪೆಸಿಫಿಕ್ ಕಂಪನಿಯದು, ವ್ಯಾಂಕೂವರಿನಿಂದ ಹಾಂಗ್‌ಕಾಂಗ್‌ಗೆ ಓಡುತ್ತಿತ್ತು. 1914ರ ಡಿಸೆಂಬರಿನಲ್ಲಿ ಗ್ವಾಲಿಯರ್ ಮಹಾರಾಜರು ಇದನ್ನು ಕೊಂಡರು. 1915ರ ಜನವರಿಯಲ್ಲಿ ಲಾಯಲ್ಟಿ ಅಂತ ಹೆಸರಾಯಿತು. ಮೊದಲ ಮಹಾಯುದ್ಧದಲ್ಲಿ ಗಾಯಗೊಂಡ ಭಾರತೀಯ ಸಿಪಾಯಿಗಳಿಗೆ ಆಸ್ಪತ್ರೆ ಹಡಗಾಯಿತು. ಯುದ್ಧ ಮುಗಿದ ಮೇಲೆ ಕಂಪನಿಗೆ ಮಾರಿದರು. ಕಂಪನಿಗೆ ಸಿಂಧಿಯಾ ಅಂತ ಹೆಸರು ಬಂದದ್ದೂ ಆ ಮಹಾರಾಜರ ಮನೆತನದಿಂದಲೇ.

ಆ ಯುದ್ಧದಲ್ಲಿ ಆಸ್ಪತ್ರೆ ಹಡಗಿಗೆ ಎಷ್ಟು ಬೆಲೆ ಇತ್ತು ಅಂತ ಗೊತ್ತಾಗಬೇಕಾದರೆ ಇಂದಿನ ಇರಾಕಿನ, ಆಗಿನ ಮೆಸಪೊಟೇಮಿಯಾದ, ಬಸ್ರಾದ ಕಥೆ ಓದಬೇಕು. 1915ರ ನವೆಂಬರಿನಲ್ಲಿ ಬಾಗ್ದಾದಿನ ಹತ್ತಿರ ಟೆಸಿಫಾನ್ ಎಂಬಲ್ಲಿ ದೊಡ್ಡ ಕಾದಾಟ ಆಯಿತು. ಗಾಯಾಳುಗಳನ್ನು ಟೈಗ್ರಿಸ್ ನದಿಯಲ್ಲಿ ಸ್ಟೀಮರಿಗೂ ದೋಣಿಗೂ ತುಂಬಿ ದಿನಗಟ್ಟಲೆ ಕೆಳಗೆ ತಂದರು. ಗಾಯಕ್ಕೆ ಕಟ್ಟಿದ ಬಟ್ಟೆ ಬದಲಿಸುವವರಿಲ್ಲ, ಹಾಸಲಿಕ್ಕೆ ಚಾಪೆ ಇಲ್ಲ. ಅಂಥ ಒಂದು ಸ್ಟೀಮರು ಬಸ್ರಾಕ್ಕೆ ಬಂದದ್ದನ್ನು ವರೇಲಾ ಎಂಬ ಆಸ್ಪತ್ರೆ ಹಡಗಿನಲ್ಲಿದ್ದ ಮೇಜರ್ ಕಾರ್ಟರ್ ಎಂಬ ಡಾಕ್ಟರು ನೋಡಿದರು. ಕಂಡದ್ದನ್ನು ಬರೆದು ಕೊಟ್ಟರು. ಮೇಲಿನವರು ಅವರನ್ನೇ ಹೆದರಿಸಿದರು. ಮುಂದೆ 1917ರ ಮೆಸಪೊಟೇಮಿಯಾ ಆಯೋಗದ ವರದಿಯಲ್ಲಿ ಎಲ್ಲ ಬಯಲಾಯಿತು. ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಅಂಥ ಕಾಲದಲ್ಲಿ ಒಂದು ಹಾಸಿಗೆ, ಒಂದು ಲೋಟ ಶುದ್ಧ ನೀರು ಇದ್ದ ಹಡಗು ಸಿಪಾಯಿಗೆ ಏನಾಗಿರಬೇಕು!

ಮರುದಿನವೇ ಚೀಫ್ ಸಾಹೇಬರಿಗೆ ಫೋನ್ ಮಾಡಿದೆ. "ಸಾಹೇಬ್ರೇ, ಪದಕದಲ್ಲಿ ವ್ಯಾಪಾರದ ಹಡಗು ಬೇಡ. ಆಸ್ಪತ್ರೆ ಹಡಗನ್ನೇ ಹಾಕೋಣ." ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ "ಹಾಕಿ" ಅಂದರು.

ಮೊದಲಿಗೆ ನನಗೂ ಕಡಲನೊರೆ ತಲೆಗೆ ಬಂದಿರಲಿಲ್ಲ. ಎಲ್ಲರ ಹಾಗೆ ಕಂಪ್ಯೂಟರಿನಲ್ಲಿ ಮಾದರಿ ಮಾಡಿಸಿ, ಮೇಣದಲ್ಲಿ ತೆಗೆಸಿ, ಹೊರಗೆ ಎರಕ ಹೊಯ್ಯಿಸಿದೆ. ಎರಡು ತುಂಡಿಗೆ ಎಲ್ಲ ಸೇರಿ ನಾಲ್ಕು ಸಾವಿರ ಹತ್ತಿರ ಹೋಯಿತು. ಹಡಗು ಚೆನ್ನಾಗಿತ್ತು. ಕಡಲು ಸತ್ತಿತ್ತು. ಬಾಚಣಿಗೆ ಎಳೆದ ಹಾಗೆ ಸಾಲು ಸಾಲು ಗೆರೆ. ಅದನ್ನು ಕೈಯಲ್ಲಿ ಹಿಡಿದು ಕೂತಾಗ ಕಪಾಟಿನ ಮೇಲಿದ್ದ ಕಡಲನೊರೆ ಕಣ್ಣಿಗೆ ಬಿತ್ತು.

ಕಡಲನೊರೆಯನ್ನು ಸಮ ಮಾಡಿ ತಿಕ್ಕಿದರೆ ಏನು ಕಾಣುತ್ತದೆ ಅಂತ ನಿಮಗೆ ಗೊತ್ತು. ಅಡ್ಡಡ್ಡ ಬಾಗಿದ ಸಣ್ಣ ಸಣ್ಣ ಪದರ. ಬ್ರಶ್ಶಿನಲ್ಲಿ ಉಜ್ಜಿದರೆ ಮೆತ್ತನೆಯ ಭಾಗ ಉದುರಿ ಗಟ್ಟಿ ಪದರ ಎದ್ದು ನಿಲ್ಲುತ್ತದೆ. ಎರಕದಲ್ಲಿ ಅದು ಹಾಗೇ ಇಳಿಯುತ್ತದೆ. ನಾವೆಲ್ಲ ಅದನ್ನು ದೋಷ ಅಂತ ಅರ ಹಾಕಿ ತೆಗೆಯುತ್ತಾ ಬಂದಿದ್ದೇವೆ. ಅಪ್ಪಯ್ಯನಂತೂ ಒಂದು ಗೆರೆ ಉಳಿದರೆ ಬೈಯುತ್ತಿದ್ದರು. ಆ ಗೆರೆಯೇ ಅಲೆ ಅಲ್ವಾ? ಕಡಲಲ್ಲೇ ಬೆಳೆದ ಗೆರೆ, ಒಂದರ ಹಾಗೆ ಇನ್ನೊಂದಿಲ್ಲ. ಮೂವತ್ತು ಪದಕಕ್ಕೆ ಮೂವತ್ತು ಬೇರೆ ಬೇರೆ ಕಡಲು.

ಯೋಚನೆ ಅಷ್ಟು ಸುಲಭ. ಕೆಲಸಕ್ಕೆ ನಾಲ್ಕು ವರ್ಷ ಹಿಡಿಯಿತು.

ಮೊದಲ ತೊಂದರೆ ಅಳತೆ. ನಾನು 60 ಮಿಲಿಮೀಟರಿನ ಪದಕ ಅಂದುಕೊಂಡಿದ್ದೆ. ಕ್ರಾಫರ್ಡ್ ಮಾರ್ಕೆಟಿನ ಹಕ್ಕಿ ಅಂಗಡಿಗಳಲ್ಲಿ ಕಡಲನೊರೆ ಸಿಗುತ್ತದೆ, ಆಗ ಒಂದಕ್ಕೆ 20-30 ರೂಪಾಯಿ. ಆದರೆ ಅದು ಗಿಳಿ ಕುಕ್ಕಲಿಕ್ಕೆ ಇಟ್ಟದ್ದು, ಅಂಗೈಯಷ್ಟೂ ಅಗಲ ಇಲ್ಲ. ಮಲ್ಪೆಯಲ್ಲಿರುವ ಅಳಿಯನಿಗೆ ಹೇಳಿದೆ. ಅವನು ದೊಡ್ಡ ದೊಡ್ಡದು ಆರಿಸಿ ಗೋಣಿಚೀಲದಲ್ಲಿ ಬಸ್ಸಿಗೆ ಹಾಕಿ ಕಳಿಸಿದ. ಎಂಟೊಂಬತ್ತು ಸೆಂಟಿಮೀಟರ್ ಅಗಲದವೂ ಇದ್ದವು. ಆದರೂ ಅಂಚು ತೆಳ್ಳಗೆ, ದಪ್ಪ ಇರುವುದು ನಡುವೆ ಮಾತ್ರ. ಕೊನೆಗೆ 44 ಮಿಲಿಮೀಟರಿಗೆ ಇಳಿಸಿದೆ. ದೊಡ್ಡದು ಬೇಕು ಎಂಬ ಹಟ ಬಿಡಲಿಕ್ಕೆ ನನಗೆ ಎರಡು ತಿಂಗಳು ಬೇಕಾಯಿತು. ಆ ಎರಡು ತಿಂಗಳು ಪೂರ್ತಿ ದಂಡ.

ಎರಡನೇದು ತೇವ. ಮೀನು ಕೊಯ್ಯುವಲ್ಲಿಂದ ಬಂದದ್ದು ಒಳಗೆ ಹಸಿ ಇರುತ್ತದೆ, ಮೇಲೆ ಒಣಗಿದ ಹಾಗೆ ಕಂಡರೂ. ಕಾದ ಲೋಹ ಬಿದ್ದ ಕೂಡಲೇ ಆವಿ ಎದ್ದು ಬಾಯಿಂದ ಲೋಹ ಉಗುಳುತ್ತದೆ. ನನ್ನ ಎಡ ಮುಂಗೈಯಲ್ಲಿ ಕಲೆ ಇನ್ನೂ ಇದೆ. ದಯವಿಟ್ಟು ಮುಖಕ್ಕೆ ಕವಚ ಇಲ್ಲದೆ ಹೊಯ್ಯಬೇಡಿ. ದಡಕ್ಕೆ ಬಿದ್ದು ಬಿಸಿಲಲ್ಲಿ ಒಣಗಿದ್ದು ಒಳ್ಳೆಯದು, ಆದರೆ ಅದರಲ್ಲಿ ಮರಳಿನ ಕಣ ಸೇರಿರುತ್ತದೆ, ಮಾದರಿ ಒತ್ತುವಾಗ ಗೀರು ಬೀಳುತ್ತದೆ. ಈಗ ನಾನು ಮೀನಿಂದ ತೆಗೆದದ್ದನ್ನೇ ತರಿಸಿ, ಎರಡು ಸಲ ಸಿಹಿ ನೀರಲ್ಲಿ ತೊಳೆದು, ತಗಡಿನ ಮಾಡಿನ ಕೆಳಗೆ ಒಂದು ಬೇಸಿಗೆ ಪೂರ್ತಿ ಒಣಗಿಸುತ್ತೇನೆ. ಅವಸರಕ್ಕೆ ಒಲೆಯಲ್ಲಿಟ್ಟು ಒಣಗಿಸಿದ್ದು ಹತ್ತಕ್ಕೆ ನಾಲ್ಕು ಸೀಳಿತು.

ಆಮೇಲೆ ಒತ್ತುವ ಕೆಲಸ. ಉಂಗುರ ಒತ್ತಿದ ಹಾಗೆ 44 ಮಿಲಿಮೀಟರಿನ ಬಿಲ್ಲೆ ಒತ್ತಲಿಕ್ಕೆ ಆಗುವುದಿಲ್ಲ. ಟಪ್ ಅಂತ ಎರಡಾಗುತ್ತದೆ. ಬೆನ್ನಿಗೆ ಪ್ಲಾಸ್ಟರ್ ಆಫ್ ಪ್ಯಾರಿಸ್ ಕಟ್ಟಿ ಇಟ್ಟಿಗೆಯ ಹಾಗೆ ಮಾಡಿಕೊಂಡೆ. ಪ್ಲಾಸ್ಟರು ಒಣಗಲಿಕ್ಕೆ ಮತ್ತೆ ಹದಿನೈದು ದಿನ. ಮುಖವನ್ನು ಅಡುಗೆಮನೆಯ ಕಡಪ ಕಲ್ಲಿನ ಮೇಲೆ ಎಮರಿ ಕಾಗದ ಹಾಸಿ ತಿಕ್ಕಿದೆ. ಮನೆಯವಳು ನಾಲ್ಕು ದಿನ ಮಾತಾಡಲಿಲ್ಲ. ಆ ಬಿಳಿ ಪುಡಿ ಮನೆ ತುಂಬಾ ಹರಡುತ್ತದೆ.

ಮಾದರಿಯನ್ನು ಮೂರು ಸಲ ಮಾಡಿದೆ. ಸಾಗುವಾನಿಯಲ್ಲಿ ಕೆತ್ತಿದ್ದು ಮೂರನೇ ಒತ್ತಿಗೆ ಅಂಚು ಮೊಂಡಾಯಿತು. ಅಕ್ಕನ ಮಗ ಕಂಪ್ಯೂಟರಿನಲ್ಲಿ ರೆಸಿನ್ ಮಾದರಿ ತೆಗೆಸಿಕೊಟ್ಟ, 2,200 ರೂಪಾಯಿ. ಹಡಗಿನ ಮೂತಿಯಿಂದ ಮುಂದಕ್ಕೆ ಚಾಚಿದ ಕಂಬ ಮೊದಲ ದಿನವೇ ಮುರಿಯಿತು. ಕೊನೆಗೆ ಹಿತ್ತಾಳೆಯಲ್ಲಿ ನಾನೇ ಕೂತು ಕೆತ್ತಿದೆ, ಇಪ್ಪತ್ತೆರಡೋ ಇಪ್ಪತ್ಮೂರೋ ದಿನ. ಅದು ಇವತ್ತಿಗೂ ನಡೆಯುತ್ತಿದೆ. ಕೆತ್ತನೆ ನೋಡಿದವರು ಲೇಸರಿನಲ್ಲಿ ಮಾಡಿಸಿದ್ರಾ ಅಂತ ಕೇಳುತ್ತಾರೆ. ಇಲ್ಲ, ಉಳಿ ಮತ್ತು ಕಣ್ಣು ಎರಡೇ.

ಆ ಮೂತಿಯನ್ನು ಬಿಡಲಿಕ್ಕೆ ನನಗೆ ಮನಸ್ಸಿರಲಿಲ್ಲ. ಎಂಪ್ರೆಸ್ ಹಡಗುಗಳ ಅಂದವೇ ಅದು. ಹಾಯಿ ಹಡಗಿನ ಹಾಗೆ ಬಾಗಿದ ಮೂತಿ, ಬಿಳಿ ಮೈ, ಸುಮಾರು 485 ಅಡಿ ಉದ್ದ. ಇದಕ್ಕೆ ಇಬ್ಬರು ತಂಗಿಯರು, ಎಂಪ್ರೆಸ್ ಆಫ್ ಜಪಾನ್ ಮತ್ತು ಎಂಪ್ರೆಸ್ ಆಫ್ ಚೈನಾ. ಮೂರೂ ಒಂದೇ ನಕ್ಷೆಯವು. ಹಾಗಾಗಿ ಲಾಯಲ್ಟಿಯ ಚಿತ್ರದಲ್ಲಿ ಕಾಣದ ಕಡೆಯನ್ನು ಜಪಾನಿನ ಚಿತ್ರ ನೋಡಿ ತುಂಬಿಕೊಂಡೆ.

ಎರಕದ ಲೋಹದ ವಿಷಯದಲ್ಲಿ ನಾನು ದಾರಿ ತಪ್ಪಿ ತುಂಬಾ ದುಡ್ಡು ಕಳೆದೆ, ಆದರೆ ಬೇಸರ ಇಲ್ಲ. ಲಾಯಲ್ಟಿ ಕೊನೆಗೆ 1923ರಲ್ಲಿ ಗುಜರಿಗೆ ಹೋದದ್ದು ಇದೇ ಬೊಂಬಾಯಲ್ಲಿ. ಹಡಗಿನ ಪದಕಕ್ಕೆ ಹಡಗಿನ ಲೋಹವೇ ಬೇಕು ಅಂತ ಮನಸ್ಸಾಯಿತು. ದಾರುಖಾನಾಕ್ಕೆ ಹೋದೆ. ರೇ ರೋಡಿನ ಹತ್ತಿರ ಒಡೆದ ಹಡಗಿನ ಸಾಮಾನೆಲ್ಲ ಸಿಗುವ ಜಾಗ. ಅಲ್ಲಿ ಪ್ರೊಪೆಲ್ಲರಿನ ಒಂದು ತುಂಡು ಸಿಕ್ಕಿತು, ಐದು ಕಿಲೋ. ತಂದು ಕರಗಿಸಿದೆ. ಅದು ಅಲ್ಯುಮಿನಿಯಂ, ನಿಕಲ್ ಸೇರಿದ ಕಂಚು. ಮೂಸೆಯಲ್ಲಿ ಹಾಲಿನ ಕೆನೆಯ ಹಾಗೆ ಮೇಲೆ ಪೊರೆ ಕಟ್ಟುತ್ತದೆ. ಆ ಪೊರೆಯೂ ಲೋಹದ ಜೊತೆ ಒಳಗೆ ಹೋಗಿ ಹಡಗಿನ ಹೊಟ್ಟೆಯಲ್ಲೇ ಮಡಿಕೆ ಬಿತ್ತು. ಏಳು ಎರಕ ಹೊಯ್ದೆ, ಏಳೂ ಹೋಯಿತು. ಆಮೇಲೆ ಹಡಗಿನ ಹಳೇ ವಾಲ್ವ್ ತಂದೆ. ಅದು ಗನ್‌ಮೆಟಲ್, ತವರ ಮತ್ತು ಸತು ಸೇರಿದ ಕಂಚು. ಕಿಲೋ 340ಕ್ಕೋ 350ಕ್ಕೋ ಸಿಕ್ಕಿದ ನೆನಪು, ಹನ್ನೆರಡು ಕಿಲೋ ತಂದೆ. ಅದು ನೀರಿನ ಹಾಗೆ ಓಡುತ್ತದೆ. ಅದರಲ್ಲಿ ಸೀಸ ಇರುತ್ತದೆ, ಮರೆಯಬೇಡಿ. ನಾನು ಹೊರಗೆ ಗಾಳಿಯಲ್ಲಿ, ಮಾಸ್ಕ್ ಹಾಕಿಕೊಂಡೇ ಕರಗಿಸುತ್ತೇನೆ. ಮಕ್ಕಳನ್ನು ಹತ್ತಿರ ಬಿಡುವುದಿಲ್ಲ.

ಈಗ ದೊಡ್ಡ ಸೋಲಿನ ಕಥೆ. 2019ರ ಮಾರ್ಚ್ ಕೊನೆಯ ಹೊತ್ತಿಗೆ ಇಪ್ಪತ್ತು ಎರಕ ಹೊಯ್ದಿದ್ದೆ. ನೋಡಬಹುದು ಅನ್ನುವಂಥದ್ದು ಮೂರು. ಆ ಮೂರರಲ್ಲೂ ಕಂಬದ ತುದಿ ಇಲ್ಲ. ಚೀಫ್ ಸಾಹೇಬರು ಬಂದು ಕನ್ನಡಕ ಏರಿಸಿ ನೋಡಿದರು. "ಆಚಾರ್ರೇ, ಮಾಸ್ಟ್ ಎಲ್ಲಿ ಹೋಯ್ತು?" ಅಷ್ಟೇ ಕೇಳಿದ್ದು. ನನ್ನ ಹತ್ತಿರ ಉತ್ತರ ಇರಲಿಲ್ಲ. ಏಪ್ರಿಲ್ 5 ಬಂತು, ಹೋಯಿತು. ಅವರ ಮೂವತ್ತು ಜನ ಬರಿಗೈಯಲ್ಲಿ ಸೇರಿ ಚಹಾ ಕುಡಿದು ಹೋದರು. ಹತ್ತು ಸಾವಿರ ವಾಪಸ್ ಕೊಟ್ಟೆ. ನನ್ನ ಕೈಯಿಂದ ಅಷ್ಟರೊಳಗೆ ಮೂವತ್ತು ಸಾವಿರದ ಹತ್ತಿರ ಹೋಗಿತ್ತು, ಕೂಲಿ ಬಿಟ್ಟು. ಅಚ್ಚು ಕೊರೆಯುವ ಒಬ್ಬರು ಆಗ ಹೇಳಿದ್ದು ಇನ್ನೂ ಕಿವಿಯಲ್ಲಿದೆ: "ಪದಕ ಅಂದ್ರೆ ಅಚ್ಚಲ್ಲಿ ಹೊಡೀಬೇಕು. ಹೊಯ್ಯೋದಲ್ಲ."

ಈ ಮಾತು ತಪ್ಪು. ಇಟಲಿಯ ಪಿಸನೆಲ್ಲೊ 1438ರ ಸುಮಾರಿಗೆ ಮಾಡಿದ ಪದಕಗಳೆಲ್ಲ ಎರಕದವು, ಪದಕದ ಕಲೆ ಶುರುವಾದದ್ದೇ ಅಲ್ಲಿಂದ. ಇದೇ ಮಹಾಯುದ್ಧದಲ್ಲಿ ಸತ್ತವರ ಮನೆಗಳಿಗೆ ಬ್ರಿಟಿಷರು ಕಳಿಸಿದ ದೊಡ್ಡ ಕಂಚಿನ ಬಿಲ್ಲೆ ಇದೆಯಲ್ಲ, 13 ಲಕ್ಷಕ್ಕೂ ಹೆಚ್ಚು ಮಾಡಿದರು, ಅದೂ ಎರಕವೇ. ಒಂದನ್ನು ಚೋರ್ ಬಜಾರಿನಲ್ಲಿ ಕೈಯಲ್ಲಿ ಹಿಡಿದು ನೋಡಿದ್ದೇನೆ. ಸತ್ತವನ ಹೆಸರೂ ಎರಕದಲ್ಲೇ ಉಬ್ಬಿ ಬಂದಿರುತ್ತದೆ, ಸಿಪಾಯಿ ಹವಾಲ್ದಾರ ಅಂತ ದರ್ಜೆ ಹಾಕಿಲ್ಲ. ಅಂಗಡಿಯವನು ತೂಕಕ್ಕೆ ಬೆಲೆ ಹೇಳಿದ. ಕೊಳ್ಳಲಿಕ್ಕೆ ಆ ದಿನ ದುಡ್ಡಿರಲಿಲ್ಲ. ಅದು ಇವತ್ತಿಗೂ ಕೊರೆಯುತ್ತದೆ.

2020ರ ಲಾಕ್‌ಡೌನಿನಲ್ಲಿ ಕೆಲಸ ಇಲ್ಲ. ಗ್ಯಾಸ್ ಸಿಲಿಂಡರು ಒಂದೇ ಇತ್ತು. ದಿನಕ್ಕೊಂದು ಎರಕ ಅಂತ ಲೆಕ್ಕ ಇಟ್ಟುಕೊಂಡೆ. ಕೆಟ್ಟ ಪದಕಗಳನ್ನೆಲ್ಲ ಸಾಲಾಗಿ ಇಟ್ಟು ನೋಡಿದೆ. ಎಲ್ಲದರಲ್ಲೂ ಒಂದೇ ಜಾಗ ಕೆಟ್ಟಿದೆ, ಮೇಲಿನದು. ಲೋಹ ಸುರಿಯುವ ಬಾಯಿ ಆಕಾಶದ ಕಡೆ. ಕೊಳೆ, ಗುಳ್ಳೆ, ಗಾಳಿ ಎಲ್ಲ ಮೇಲೆ ಬಂದು ನಿಲ್ಲುವುದು ಅಲ್ಲೇ. ಬೀಳುವ ಲೋಹ ಕೊರೆಯುವುದೂ ಅಲ್ಲೇ. ಕಂಬಗಳು ಇರುವುದೂ ಅಲ್ಲೇ.

ಹಡಗನ್ನು ತಲೆಕೆಳಗೆ ಮಾಡಿದೆ. ಬಾಯಿಯನ್ನು ಕಡಲಿನ ಕಡೆ ಕೊರೆದೆ. ಈಗ ಕಂಬದ ತುದಿ ತಳದಲ್ಲಿ, ಮೇಲಿನ ಲೋಹದ ಭಾರವೆಲ್ಲ ಅದರ ಮೇಲೆ. ಕೊರೆಯುವುದು, ಗುಳ್ಳೆ, ಕುಗ್ಗುವುದು ಏನಿದ್ದರೂ ಕಡಲಿನಲ್ಲಿ. ಕಡಲಿನಲ್ಲಿ ಒಂದು ಗೆರೆ ಹೆಚ್ಚು ಕಡಿಮೆ ಆದರೆ ಅದೂ ಅಲೆಯೇ. ಬಾಯಿಯನ್ನು ದೊಡ್ಡದು ಮಾಡಿದೆ, ಪದಕ 46 ಗ್ರಾಂ ಆದರೆ ಸುರಿಯುವುದು 110 ಗ್ರಾಂ. ತಳದಿಂದ ಮೇಲಕ್ಕೆ ನಾಲ್ಕು ಗಾಳಿದಾರಿ ಕೊರೆದೆ, ಕೂದಲಿನಷ್ಟು ಸಣ್ಣದು. ಗನ್‌ಮೆಟಲನ್ನು 1,080 ಡಿಗ್ರಿ ಆಸುಪಾಸಿನಲ್ಲಿ ಸುರಿಯುತ್ತೇನೆ. ಅದಕ್ಕಿಂತ ಬಿಸಿಯಾದರೆ ಕಡಲನೊರೆ ಉರಿದು ಹೊಗೆ ಜಾಸ್ತಿ, ಸುಟ್ಟ ಕೂದಲಿನ ವಾಸನೆ ಪಕ್ಕದ ಮನೆಗೂ ಹೋಗುತ್ತದೆ. ಕಡಿಮೆಯಾದರೆ ಮೂತಿ ತುಂಬುವುದಿಲ್ಲ.

ಸುರಿಯುವ ಮೊದಲು ಹಡಗಿನ ಮೈಗೆ ಮಾತ್ರ ಒಂದು ನೀರು ಹಚ್ಚುತ್ತೇನೆ, ಕಡಲಿಗೆ ಹಚ್ಚುವುದಿಲ್ಲ. ಬಿಳಿಗಾರ ಅದರಲ್ಲಿದೆ, ಅಷ್ಟು ಹೇಳುತ್ತೇನೆ. ಉಳಿದ ಎರಡು ಪದಾರ್ಥ ಅಪ್ಪಯ್ಯನದು, ಅದು ನನ್ನ ಹತ್ತಿರವೇ ಇರಲಿ. ಬ್ರಶ್ ಯಾವುದು ಅಂತಲೂ ಕೇಳಬೇಡಿ. ಮೃದು ಅಂತ ಮಾತ್ರ ತಿಳಿದುಕೊಳ್ಳಿ. ಎಷ್ಟು ಹೊತ್ತು ಉಜ್ಜಬೇಕು ಅಂತ ಕೈಗೇ ಗೊತ್ತಾಗಬೇಕು. ಹತ್ತು ಸಲ ಹೆಚ್ಚು ಉಜ್ಜಿದರೆ ಕಡಲು ಹೋಗಿ ಗದ್ದೆಯಾಗುತ್ತದೆ.

ತಲೆಕೆಳಗಿನ ಮೊದಲ ಎರಕವನ್ನು ಅಚ್ಚು ಒಡೆದು ತೆಗೆದದ್ದು 2021ರ ಮಳೆಗಾಲದ ಒಂದು ಸಂಜೆ. ಸುಟ್ಟ ಕಪ್ಪು ಕೆರೆದು ಹಾಕಿ ನೀರಲ್ಲಿ ಅದ್ದಿದೆ. ಮೂರು ಕಂಬ ಮೂರೂ ಇದ್ದವು. ನಾನು ತುಂಬಾ ಹೊತ್ತು ಅದನ್ನೇ ನೋಡುತ್ತಾ ಕೂತೆ.

ಆದರೂ ಹತ್ತಕ್ಕೆ ಏಳು ಬರುವ ಹಂತಕ್ಕೆ ಮುಟ್ಟಲು 2022ರ ಕೊನೆಯಾಯಿತು. ಕಂಬದಿಂದ ಕಂಬಕ್ಕೆ ಹೋಗುವ ಹಗ್ಗ ಎರಕದಲ್ಲಿ ಬರುವುದಿಲ್ಲ, ಅದರ ಹಟ ಬಿಡಿ. ಅದನ್ನು ಆಮೇಲೆ ಉಳಿಯಲ್ಲಿ ಎಳೆಯುತ್ತೇನೆ, ಒಂದು ಕಂಬಕ್ಕೆ ಆರು ಗೆರೆ, ಜಾಸ್ತಿ ಇಲ್ಲ. ಆಕಾಶವನ್ನು ಅರ ಹಾಕಿ ಒಪ್ಪ ಕೊಡುತ್ತೇನೆ. ಕಡಲನ್ನು ಮುಟ್ಟುವುದಿಲ್ಲ.

ಮಧ್ಯದಲ್ಲಿ ಬಣ್ಣದ ಹುಚ್ಚು ಹಿಡಿದಿತ್ತು. 1907ರ ಹೇಗ್ ಒಪ್ಪಂದದ ಪ್ರಕಾರ ಆಗ ಆಸ್ಪತ್ರೆ ಹಡಗಿನ ಮೈ ಬಿಳಿ, ಸುತ್ತಲೂ ಒಂದೂವರೆ ಮೀಟರ್ ಅಗಲದ ಪಟ್ಟಿ. ಸೇನೆಯ ಹಡಗಾದರೆ ಹಸಿರು, ಖಾಸಗಿಯವರ ಖರ್ಚಿನದಾದರೆ ಕೆಂಪು. ದೂರದಿಂದ ಶತ್ರುವಿಗೆ ಕಾಣಬೇಕಲ್ಲ. ಆ ಪಟ್ಟಿಗೆ ಮೀನಾ, ಅಂದರೆ ಕಾಯಿಸಿ ಕೂರಿಸುವ ಬಣ್ಣದ ಗಾಜಿನ ಲೇಪ, ಹಾಕೋಣ ಅಂತ ಹೊರಟೆ. ಗನ್‌ಮೆಟಲಿನ ಮೇಲೆ ಮೀನಾ ನಿಲ್ಲಲಿಲ್ಲ. ಗುಳ್ಳೆ ಎದ್ದು ಸಿಪ್ಪೆಯ ಹಾಗೆ ಎದ್ದು ಬಂತು. ಶುದ್ಧ ತಾಮ್ರದ ತುಂಡಿನ ಮೇಲೆ ಚೆನ್ನಾಗಿ ಕೂತಿತು, ಆದರೆ ತಾಮ್ರ ಕಡಲನೊರೆಯಲ್ಲಿ ಸರಿಯಾಗಿ ಓಡಲಿಲ್ಲ. ಎಂಟು ಪದಕ ಹಾಳು ಮಾಡಿ ಬಿಟ್ಟೆ. ಈಗ ಪಟ್ಟಿ ಬರೀ ಉಬ್ಬು ಗೆರೆ, ಬೆರಳಿಗೆ ಸಿಗುತ್ತದೆ.

ಕೆಂಪು ಶಿಲುಬೆ ವಿಷಯದಲ್ಲೂ ಎಚ್ಚರ. ಹಿಂಬದಿಗೆ ದೊಡ್ಡ ಶಿಲುಬೆ ಹಾಕುವ ಯೋಚನೆ ಇತ್ತು. ಪರಿಚಯದ ವಕೀಲರೊಬ್ಬರು ತಡೆದರು. 1960ರ ಜಿನೀವಾ ಒಪ್ಪಂದಗಳ ಕಾಯ್ದೆ ಪ್ರಕಾರ ಸರ್ಕಾರದ ಅನುಮತಿ ಇಲ್ಲದೆ ಆ ಗುರುತನ್ನು ಬಳಸುವ ಹಾಗಿಲ್ಲ. ಹಾಗಾಗಿ ಹಿಂಬದಿಗೆ ಒಂದು ಖಾಲಿ ಮಂಚ, ಪಕ್ಕದಲ್ಲಿ ಲಾಟೀನು ಮಾಡಿದೆ. ನಿಜ ಹೇಳಬೇಕೆಂದರೆ ಶಿಲುಬೆಗಿಂತ ಇದೇ ಚೆನ್ನಾಯಿತು. ಮಂಚದ ಕೆಳಗೂ ಕಡಲನೊರೆಯ ಗೆರೆ ಹಾಗೇ ಬಿಟ್ಟಿದ್ದೇನೆ. ಹಡಗಿನ ಹಲಗೆಯ ಹಾಗೆ ಕಾಣುತ್ತದೆ.

ಅಕ್ಷರಗಳನ್ನು ಎರಕದ ನಂತರ ಪಂಚಿನಲ್ಲಿ ಹೊಡೆಯುತ್ತೇನೆ. ಇಸವಿಯನ್ನು ಮೂರು ಜನರಿಂದ ಓದಿಸಿ ಹೊಡೆಯಿರಿ. ಲುಸಿಟಾನಿಯಾ ಹಡಗು ಮುಳುಗಿದ್ದಕ್ಕೆ ಜರ್ಮನಿಯ ಕಾರ್ಲ್ ಗೋಟ್ಜ್ 1915ರಲ್ಲಿ ಒಂದು ಪದಕ ಮಾಡಿದ. ಮುಳುಗಿದ್ದು ಮೇ 7, ಅವನು ಹಾಕಿದ್ದು ಮೇ 5. ನೋಡಿ, ಮುಳುಗಿಸುವುದನ್ನು ಮೊದಲೇ ಯೋಚಿಸಿದ್ದರು ಅಂತ ಬ್ರಿಟಿಷರು ಅದರ ಪ್ರತಿ ಲಕ್ಷಗಟ್ಟಲೆ ಮಾಡಿ ಊರೂರಿಗೆ ಹಂಚಿದರು. ಒಂದು ಅಂಕಿ ಎಷ್ಟು ದೂರ ಹೋಯಿತು! ನನ್ನ ಪದಕದಲ್ಲಿ 1915 ಇದೆ. ಕೊಂಡದ್ದು 1914 ಅಲ್ವಾ ಅಂತ ಒಬ್ಬರು ಜಗಳಕ್ಕೆ ಬಂದರು. ಲಾಯಲ್ಟಿ ಅಂತ ಹೆಸರು ಬಂದದ್ದು 1915, ನಾನು ಹೊಡೆಯುವುದು ಆ ಹೆಸರನ್ನು.

ಇಂಗ್ಲಿಷ್ ಪಂಚು ಎಲ್ಲೂ ಸಿಗುತ್ತದೆ, ದೇವನಾಗರಿಯದೂ ಸಿಕ್ಕಿತು. ಕನ್ನಡದ್ದು ಸಿಗಲಿಲ್ಲ. ಹಳೇ ಸೂಜಿ ಅರದ ತುದಿ ಕಾಯಿಸಿ ಮೆತ್ತಗೆ ಮಾಡಿ, ಅದರಲ್ಲಿ "ಲಾಯಲ್ಟಿ" ಅಂತ ಎರಡು ಮಿಲಿಮೀಟರ್ ಎತ್ತರದ ಅಕ್ಷರ ಕೊರೆದೆ. "ಲ್ಟಿ" ಅಲ್ಲಿ ಸಿಕ್ಕಿಬಿದ್ದೆ. ಒತ್ತಿಗೆ ಜಾಗವೇ ಇಲ್ಲ. ನಾಲ್ಕು ಪಂಚು ಹಾಳಾದ ಮೇಲೆ ಒತ್ತಕ್ಷರಕ್ಕೆ ಬೇರೆಯೇ ಪಂಚು ಮಾಡಿ ಎರಡು ಏಟಿನಲ್ಲಿ ಹೊಡೆದೆ. ಕನ್ನಡ ಅಕ್ಷರದ ಪದಕ ಇರುವುದು ಐದೇ. ಒಂದು ನನ್ನದು, ಒಂದು ಅಳಿಯನದು.

ಬಣ್ಣ ಕಟ್ಟುವುದಕ್ಕೆ ಗಂಧಕದ ಪುಡಿ, ಅಂಗಡಿಯ ದ್ರಾವಣ ಎಲ್ಲ ನೋಡಿದೆ. ಕೊನೆಗೆ ನಿಂತದ್ದು ತೆಂಗಿನೆಣ್ಣೆ. ಪದಕವನ್ನು ಹುಣಸೆಹಣ್ಣಿನಲ್ಲಿ ತೊಳೆದು, ಕಾಯಿಸಿ, ಬಟ್ಟೆಯಲ್ಲಿ ಎಣ್ಣೆ ಸವರಬೇಕು. ಮೂರು ನಾಲ್ಕು ಸಲ. ಹಡಗಿನ ಮೈ ಒರೆಸಿದರೆ ಹೊಳೆಯುತ್ತದೆ, ಅಲೆಯ ಗೆರೆಯೊಳಗೆ ಕಂದು ಉಳಿಯುತ್ತದೆ.

ದುಡ್ಡಿನ ಲೆಕ್ಕ ಕೇಳುವವರಿಗೆ. ಈಗ ಒಂದು ಪದಕಕ್ಕೆ ಲೋಹ 60-70, ಎರಡು ಕಡಲನೊರೆ ಬಸ್ಸಿನ ಖರ್ಚು ಸೇರಿ 80, ಗ್ಯಾಸು ಮತ್ತು ಮೂಸೆಯ ಸವೆತ 100. ಕೆಟ್ಟು ಹೋಗುವ ಮೂರರ ಖರ್ಚು ಇದರ ಮೇಲೆ. ಕೂಲಿ ಒಂದು ದಿನ ಪೂರ್ತಿ. ನಾನು 2,800 ತೆಗೆದುಕೊಳ್ಳುತ್ತೇನೆ, ಕಡಿಮೆ ಮಾಡುವುದಿಲ್ಲ. ಪ್ರಯೋಗಕ್ಕೆ ಹಾಕಿದ ಒಂದು ಲಕ್ಷ ಚಿಲ್ಲರೆ ಹೋದ ವರ್ಷ ವಾಪಸ್ ಬಂತು. ಬೆಳ್ಳಿಯಲ್ಲಿ ಮಾಡಿದ್ದು ಎರಡೇ. ಕಿಲೋ ಬೆಳ್ಳಿ ಲಕ್ಷ ದಾಟಿದ ಮೇಲೆ ಯಾರೂ ಕೇಳುತ್ತಿಲ್ಲ. ಬೆಳ್ಳಿ ಕಡಲನೊರೆಯಲ್ಲಿ ಬೆಣ್ಣೆಯ ಹಾಗೆ ಬರುತ್ತದೆ, ಕಲಿಯುವವರು ಸಾಧ್ಯವಿದ್ದರೆ ಅದರಲ್ಲೇ ಶುರು ಮಾಡಿ.

ಮೊದಲ ಪದಕ ಚೀಫ್ ಸಾಹೇಬರಿಗೆ ಕೊಟ್ಟೆ, 2023ರ ಏಪ್ರಿಲ್ 5ಕ್ಕೆ. ನಾಲ್ಕು ವರ್ಷ ತಡ. ಮೂವತ್ತು ಜನರಲ್ಲಿ ಆಗ ಇಪ್ಪತ್ತಾರು ಜನ ಉಳಿದಿದ್ದರು. ಅವರು ಕಂಬ ಎಣಿಸಲಿಲ್ಲ. ಕಡಲಿನ ಮೇಲೆ ಬೆರಳಾಡಿಸಿದರು. "ಇದು ಮಾನ್ಸೂನಿನ ಸಮುದ್ರ ಆಚಾರ್ರೇ. ಈ ಸ್ವೆಲ್ ನಾನು ನೋಡಿದ್ದೇನೆ" ಅಂದರು. ಆಮೇಲೆ ತಿರುಗಿಸಿ ಮಂಚ ನೋಡಿದರು. ತೀರಿಕೊಂಡ ನಾಲ್ವರ ಮನೆಗೂ ಒಂದೊಂದು ಮಾಡಿಕೊಡಿ ಅಂತ ಅಲ್ಲೇ ದುಡ್ಡು ಎಣಿಸಿ ಕೊಟ್ಟರು. ಆ ನಾಲ್ಕಕ್ಕೆ ನಾನು ಕೂಲಿ ಹಿಡಿಯಲಿಲ್ಲ.

ಈಗ ಎರಡು ಕಡಲನೊರೆಯನ್ನು ಪಕ್ಕಪಕ್ಕ ಅಂಟಿಸಿ 60 ಮಿಲಿಮೀಟರಿನ ಪದಕ ಬರುತ್ತದಾ ಅಂತ ನೋಡುತ್ತಿದ್ದೇನೆ. ಸೇರುವ ಗೆರೆ ಹಡಗಿನ ಹೊಟ್ಟೆಯಲ್ಲಿ ಬೀಳದ ಹಾಗೆ ನೀರಿನ ಮಟ್ಟಕ್ಕೇ ತರಬೇಕು. ನಾಲ್ಕು ಸಲ ಹೊಯ್ದೆ, ನಾಲ್ಕೂ ಅಲ್ಲೇ ಸೋರಿತು. ಅಂಟು ಬದಲಿಸಿದ್ದೇನೆ. ಅಳಿಯನ ಚೀಲ ದಸರಾ ಕಳೆದು ಬರುತ್ತದೆ, ಒಣಗಲಿಕ್ಕೆ ಬೇಸಿಗೆ ಬೇಕು. ಈ ಸಲದ ಹಡಗು ವರೇಲಾ, ಆ ಡಾಕ್ಟರು ಇದ್ದದ್ದು. ಮಾದರಿಗೆ ಹಿತ್ತಾಳೆ ಬಿಲ್ಲೆ ಕತ್ತರಿಸಿ ಇಟ್ಟಿದ್ದೇನೆ.